ಶನಿವಾರದ ಓದು

ಮರಿವೆಲ್ ಬಾಳೆಲೆಯಲ್ಲಿ ಸುಮಾನ್ ಕಡುಬು ಸುತ್ತುತ್ತಿದ್ದಳು. ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿ ಇನ್ನೂ ಬೆರಳು ಸುಡುತ್ತಿತ್ತು. ಮೊದಲ ಒಬ್ಬೆ ಆಗಲೇ ಹಬೆಯಲ್ಲಿ ಬೆಂದು ಬುಟ್ಟಿ ಸೇರಿತ್ತು. ಹತ್ತು ಗಂಟೆಗೆ ಇಲೊಯ್ಲೊ ನಗರದಲ್ಲಿ ಅವಳ ಎಂ.ಎ. ಪ್ರಬಂಧದ ಮೌಖಿಕ ಪರೀಕ್ಷೆ. ಪರೀಕ್ಷಕರ ತಿಂಡಿ ವಿದ್ಯಾರ್ಥಿಯೇ ಒಯ್ಯಬೇಕು. ಹೋದ ವರ್ಷ ತಮ್ಮ ರೆನಾಂತೆಯ ಪರೀಕ್ಷೆಗೂ ಇದೇ ಒಲೆಯ ಮೇಲೆ ಅವಳೇ ಬೇಯಿಸಿದ್ದಳು.

ಅವನು ಕೆಲಸ ಬಿಟ್ಟು ಓದಿದವನು, ಬೇಗ ಮುಗಿಸಿದ. ಈಗ ಪಿಎಚ್.ಡಿ. ಮಾಡುತ್ತಿದ್ದ. ಅವಳು ವಾರವಿಡೀ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಅಮ್ಮನ ಮೈ ಒರೆಸಿ, ಶನಿವಾರ ಮಾತ್ರ ತರಗತಿಗೆ ಹೋಗುವಳು. ಆ ತರಗತಿ ತುಂಬ ಅವಳಂಥ ಹೆಂಗಸರೇ ಇದ್ದರು. ಹೆರಿಗೆ, ಅತ್ತೆಯ ಕಾಯಿಲೆ ಎಂದು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದರು.

ಒಳಗೆ ಅಮ್ಮ ಕೆಮ್ಮಿದಳು. ಪಾರ್ಶ್ವವಾಯು ಹೊಡೆದ ಮೇಲೆ ಉಗುಳು ನುಂಗುವುದೂ ಕಷ್ಟ. ಒಬ್ಬಳನ್ನೇ ಬಿಡುವ ಹಾಗಿಲ್ಲ.

ರೆನಾಂತೆ ಷೂ ಹಾಕಿಕೊಂಡೇ ಅಡುಗೆಮನೆಗೆ ಬಂದ.

"ಅಕ್ಕ, ಇವತ್ತು ನಂಗಾಗಲ್ಲ ಕಣೆ. ಪ್ರೊಫೆಸರು ಪಕ್ಕದ ದ್ವೀಪಕ್ಕೆ ಹೊರಟಿದಾರೆ, ನೀನೂ ಬಾ ಅಂದ್ರು."

"ಅಮ್ಮನ್ನ ನೋಡ್ಕೋತೀನಿ ಅಂದಿದ್ದೆ."

"ಪೂರ್ತಿ ಹೊತ್ತು ಓದೋರ ಪಾಡು ನಿಂಗೇನು ಗೊತ್ತು? ಕರೆದಾಗ ಹೋಗ್ಬೇಕು. ನಿಂದು ಶನಿವಾರದ ಓದು ತಾನೆ, ಮುಂದಿನ ಸೆಮಿಸ್ಟರ್‌ಗೆ ಇಟ್ಕೊ."

"ಮುಂದಿನದು ಇಲ್ಲ ಕಣೋ. ಈ ತಿಂಗಳಿಗೆ ನನ್ನ ಗಡುವು ಮುಗಿಯುತ್ತೆ. ತಪ್ಪಿದ್ರೆ ಎಲ್ಲಾ ಮೊದಲಿಂದ ಓದ್ಬೇಕು."

ಅವನು ಒಂದು ಸುಮಾನ್ ಬಿಚ್ಚಿ ಬಾಯಿಗಿಟ್ಟ. "ಸಿಹಿ ಒಂಚೂರು ಕಮ್ಮಿ. ನನ್ ಪರೀಕ್ಷೆಗೆ ಚೆನ್ನಾಗ್ ಮಾಡಿದ್ದೆ."

ಹೊರಗೆ ಕಾರು ಹಾರ್ನ್ ಹೊಡೆಯಿತು. "ನೀನು ಹೋಗ್ದಿದ್ರೆ ಸುಮ್ನೆ ಹಾಳಾಗುತ್ತಲ್ಲ," ಎಂದು ಬುಟ್ಟಿಯಿಂದ ಎರಡು ಹಿಡಿ ಎತ್ತಿ ಚೀಲಕ್ಕೆ ಹಾಕಿಕೊಂಡ. "ಪ್ರೊಫೆಸರಿಗೆ ಇಷ್ಟ."

ಅವನು ಹೋದ ಮೇಲೂ ಅವಳು ಕೊನೆಯ ಎಲೆಯನ್ನು ಸುತ್ತಿ ದಾರ ಕಟ್ಟಿದಳು. ಕೈ ತೊಳೆದು, ಇಸ್ತ್ರಿ ಮಾಡಿಟ್ಟಿದ್ದ ಬಿಳಿ ರವಿಕೆ ತೊಟ್ಟಳು. ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿದಳು. ಅಮ್ಮನ ಕಣ್ಣು ರವಿಕೆಯ ಮೇಲೇ ನಿಂತಿತ್ತು.

ಹಿತ್ತಿಲಲ್ಲಿ ಅಪ್ಪ ಮಧ್ಯಾಹ್ನದ ಕಾಳಗಕ್ಕೆ ಒಯ್ಯುವ ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಡುಗೆಮನೆಯ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು. ಅಮ್ಮನನ್ನು ನೋಡಿಕೊ ಎಂದು ಈವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಅವನು ಹುಂಜದ ಕತ್ತಿನ ಗರಿಗಳನ್ನು ಬಿಡಿಸಿ ಮೆಲ್ಲಗೆ ಊದುತ್ತಿದ್ದ.

ಮರಿವೆಲ್ ಬುಟ್ಟಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಳು. ರಸ್ತೆಯ ತಿರುವಿನಲ್ಲಿ ನಗರಕ್ಕೆ ಹೋಗುವ ಜೀಪ್ನಿಯ ಸದ್ದು ಹತ್ತಿರವಾಗುತ್ತಿತ್ತು.

"ಅಪ್ಪ, ನಾನು ಬರೋವರೆಗೂ ಅಮ್ಮನ ಹತ್ರ ಕೂತ್ಕೋತೀಯಾ?"