ಕಾಲು ಮುಂದಾಗಿ ಹುಟ್ಟಿದವಳು

ಭಾನುವಾರ ಬೆಳಗಾದರೆ ಸಾಕು, ಅರಿಶಿನಕುಂಟೆಯ ಮಮತಳ ಮನೆಯ ಜಗಲಿಯ ಮೇಲೆ ಸೊಂಟ ಹಿಡಿದುಕೊಂಡವರು ಬಂದು ಕೂರುತ್ತಿದ್ದರು. ಹೆದ್ದಾರಿ ಪಕ್ಕದ ಗೋದಾಮುಗಳಲ್ಲಿ ಮೂಟೆ ಎತ್ತುವವರು, ಹಗಲೂ ರಾತ್ರಿ ಲಾರಿ ಓಡಿಸುವವರು, ಬಾವಿ ಹಗ್ಗ ಎಳೆಯುವ ಕಾಲ ಹೋದರೂ ಗ್ಯಾಸ್ ಸಿಲಿಂಡರ್ ಎತ್ತಿ ಉಳುಕಿಸಿಕೊಂಡ ಹೆಂಗಸರು. ಮಮತ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಲ್ಲಿ ಮೂರು ಸಲ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂಬುದರಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ.

ಮಮತ ನೆಲಮಂಗಲದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದಳು. ಈ ಒದೆಯುವ ಕೆಲಸ ಅವಳಿಗೆ ನಾಚಿಕೆ.

"ಅಮ್ಮ, ನಾನು ಪಿಎಚ್‌ಡಿ ಮಾಡ್ತಿದೀನಿ ಕಣಮ್ಮ. ಇದೆಲ್ಲ ಬೇಡ."

"ಮಾಡ್ಕೋ, ಯಾರು ಬ್ಯಾಡ ಅಂದ್ರು?" ಎನ್ನುತ್ತಿದ್ದಳು ದ್ಯಾವಮ್ಮ. "ಕಾಲೇನು ಪಿಎಚ್‌ಡಿ ಮಾಡ್ತೈತಾ?"

ಫಜೀತಿಯೆಂದರೆ, ಅವಳು ಬರೆಯುತ್ತಿದ್ದುದೇ ಶಕ್ತಿಯ ಬಗ್ಗೆ. ಯಾವ ಶಕ್ತಿಯೂ ಒಂದೇ ವಸ್ತುವಿನೊಳಗೆ ಗಂಟು ಕಟ್ಟಿಕೊಂಡು ಕೂತಿರುವುದಿಲ್ಲ. ಎರಡು ಕೂಡಿದಾಗ ಅವುಗಳ ನಡುವೆ ಹುಟ್ಟುತ್ತದೆ. ಅದು ನಿಜವೋ ಸುಳ್ಳೋ ಎಂಬುದು ಆಮೇಲೆ ಆಗುವ ವ್ಯತ್ಯಾಸದಲ್ಲಿ ಗೊತ್ತಾಗುತ್ತದೆ ಎಂಬುದು ಅವಳ ವಾದ. ಅವಳ ಗೈಡ್ ಡಾಕ್ಟರ್ ಅನಸೂಯ ಇದನ್ನು ಸುತರಾಂ ಒಪ್ಪುತ್ತಿರಲಿಲ್ಲ. "ಬೆಂಕಿಕಡ್ಡಿ ಗೀರದೇ ಇದ್ದರೂ ಹತ್ತಿಕೊಳ್ಳೋ ಶಕ್ತಿ ಅದರ ತಲೆಯಲ್ಲೇ ಇದೆಯಮ್ಮ. ಡಬ್ಬಿಗೂ ಕಡ್ಡಿಗೂ ನೆಂಟಸ್ತನ ಮಾಡಿಸಬೇಡ," ಎಂದು ನಾಲ್ಕನೆಯ ಅಧ್ಯಾಯವನ್ನು ಎರಡು ಸಲ ವಾಪಸು ಕಳಿಸಿದ್ದರು. ಅವರಿಗೆ ತನ್ನ ಭಾನುವಾರದ ಕಸುಬು ಗೊತ್ತಾಗದ ಹಾಗೆ ಮಮತ ಬಹಳ ಎಚ್ಚರದಿಂದಿದ್ದಳು.

ಆ ಭಾನುವಾರ ಅನಸೂಯ ಅವರು ನೆಂಟರ ಗೃಹಪ್ರವೇಶಕ್ಕೆಂದು ನೆಲಮಂಗಲಕ್ಕೆ ಬಂದವರು, ಹತ್ತಿರದಲ್ಲೇ ಇದ್ದಾಳಲ್ಲ, ಅಧ್ಯಾಯ ಏನಾಯಿತೆಂದು ವಿಚಾರಿಸೋಣವೆಂದು ಅರಿಶಿನಕುಂಟೆಗೆ ಬಸ್ಸು ಹತ್ತಿದರು. ಇಳಿಯುವಾಗ ಒಂದು ಕಾಲು ನೆಲ ಮುಟ್ಟಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಸೊಂಟ ಚಳಕ್ ಎಂದಿತು. ನೇಗಿಲಿನ ಹಾಗೆ ಬಾಗಿ ನಿಂತಿದ್ದ ಹೆಂಗಸನ್ನು ಕಂಡ ಆಟೊದವನು ಎಲ್ಲಿಗೆಂದೂ ಕೇಳದೆ ಕೂರಿಸಿಕೊಂಡು ಮಮತಳ ಮನೆ ಮುಂದೆ ಇಳಿಸಿದ.

ಒಳಗೆ ಲಾರಿ ಡ್ರೈವರ್ ರಾಮಾಂಜಿನಪ್ಪ ಚಾಪೆಯ ಮೇಲೆ ಬೋರಲು ಮಲಗಿದ್ದ. ಮಮತ ಎಡಗಾಲು ಎತ್ತಿದ್ದಳು. ಬಾಗಿಲಲ್ಲಿ ಬಾಗಿ ನಿಂತ ಅನಸೂಯ ಅವರಿಗೆ ಮುಖಗಳು ಕಾಣುತ್ತಿರಲಿಲ್ಲ, ಆ ಕಾಲೊಂದೇ ಕಂಡಿತು.

"ಏನಮ್ಮ ಇದು? ಮಮತಾನ ಮನೆ ಇದೇನಾ?"

ಮಮತಳಿಗೆ ದನಿಯ ಗುರುತು ಸಿಕ್ಕಿತು. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತೋಚದೆ ರಾಮಾಂಜಿನಪ್ಪನ ಮೇಲೆಯೇ ಇಟ್ಟಳು. ಅವನು "ಹಾ, ಬಿಡ್ತು ಬಿಡ್ತು!" ಎಂದು ಎದ್ದು, ಲುಂಗಿ ಕೊಡವಿಕೊಂಡು ನೆಟ್ಟಗೆ ನಡೆದುಹೋದ.

ಅನಸೂಯ ಅವರಿಗೆ ವಿಷಯವನ್ನೆಲ್ಲ ವಿವರಿಸಬೇಕಾಯಿತು. ಅವರು "ಮೂಢನಂಬಿಕೆ" ಎಂದರು. ಹಾಗೆನ್ನುವುದಕ್ಕೆ ತಲೆ ಎತ್ತಲು ಹೋಗಿ ಅಯ್ಯೋ ಎಂದರು. ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತರು. ಆಮೇಲೆ ಸಣ್ಣ ದನಿಯಲ್ಲಿ, "ಚಾಪೆ ಎಲ್ಲಿ ಹಾಸಿದೀಯ?" ಎಂದು ಕೇಳಿದರು.

ಅವರನ್ನು ಮಲಗಿಸಿದ್ದಾಯಿತು. ಈಗ ಮಮತಳಿಗೆ ಕಾಲೇ ಏಳಲೊಲ್ಲದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಹುಡುಗಿ, ಗುರುವನ್ನು ಒದೆಯುವುದು ಹೇಗೆ? ಮೊದಲು ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ತಪ್ಪಾಯಿತು ಎಂದುಕೊಂಡಳು. ಕಣ್ಣು ಮುಚ್ಚಿ ಒಂದು ಒದ್ದಳು.

"ಪರವಾಗಿಲ್ಲ ಕಣೆ," ಎಂದರು ಅನಸೂಯ ಆಶ್ಚರ್ಯದಿಂದ. "ಸಡಿಲ ಆಯ್ತು."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ದ್ಯಾವಮ್ಮನಿಗೆ ತಡೆಯಲಾಗಲಿಲ್ಲ. ಲಾರಿಯವರಿಗೆ ಸುಳ್ಳು ಹೇಳುವುದು ಬೇರೆ, ಮಗಳಿಗೆ ಪಾಠ ಹೇಳಿಕೊಟ್ಟವರಿಗೆ ಹೇಳುವುದು ಬೇರೆ ಅನ್ನಿಸಿತೋ ಏನೋ.

"ತಡಿಯವ್ವ! ಪಾಪ ಸುತ್ಕೊಂಡಾತು. ಕಾಲು ಮುಂದಾಗಿ ಹುಟ್ಟಿದ್ದು ಇವಳಲ್ಲ, ಮುರಳಿ!"

ಮುರಳಿ ಮಮತಳ ಅಣ್ಣ. ಚಿಕ್ಕವನಿದ್ದಾಗ ಪಕ್ಕದ ಮನೆಯ ಮುನಿಶಾಮಪ್ಪನಿಗೆ ಅವನು ಒದ್ದ ರಭಸಕ್ಕೆ ಆತ ಜಗಲಿಯಿಂದ ಉರುಳಿ ಕೈಯನ್ನೂ ಉಳುಕಿಸಿಕೊಂಡಿದ್ದನಂತೆ. ಮನೆಯ ಹೆಸರು ಕೆಡುವುದೆಂದು ದ್ಯಾವಮ್ಮ, "ನನಗೇ ಮರೆತುಹೋಗಿತ್ತು, ಹಾಗೆ ಹುಟ್ಟಿದ್ದು ಹುಡುಗಿ" ಎಂದು ಬೀದಿಗೆಲ್ಲ ಹೇಳಿಬಿಟ್ಟಿದ್ದಳು.

ಮಮತ ತನ್ನ ಎಡಗಾಲನ್ನು ಹೊಸದಾಗಿ ನೋಡಿಕೊಂಡಳು. ಹಾಗಾದರೆ ಇಷ್ಟು ವರ್ಷ ಎದ್ದುಹೋದವರೆಲ್ಲ ಎದ್ದದ್ದು ಯಾವುದರಿಂದ? ಮೋಸ ಮಾಡಿದೆನಲ್ಲ ಎಂದುಕೊಂಡಳು. ಅದರ ಹಿಂದೆಯೇ, ತನ್ನ ವಾದ ನಿಜವಾಯಿತಲ್ಲ ಎಂಬ ಸಂತೋಷ ಉಕ್ಕಿ ಬಂದು, ಅವಳಿಗೇ ಹೆದರಿಕೆಯಾಯಿತು.

ಅಷ್ಟರಲ್ಲಿ ದ್ಯಾವಮ್ಮ ಮುರಳಿಯನ್ನು ಕರೆದುಕೊಂಡು ಬಂದಳು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಆಳು. ಉಪ್ಪಿಟ್ಟು ತಿನ್ನುತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಾಪೆಯ ಪಕ್ಕ ಬಂದು ನಿಂತ.

"ಎಲ್ಲಿಗೆ ಒದೀಬೇಕು ಮೇಡಂ?"

ಅನಸೂಯ ಓರೆಗಣ್ಣಿನಿಂದ ಅವನ ಪಾದವನ್ನು ನೋಡಿದರು. ರಾಗಿ ಬೀಸುವ ಕಲ್ಲಿನಷ್ಟಿತ್ತು.

"ಮಮತ, ನೀನೇ ಬಾ."

"ಆದ್ರೆ ಮೇಡಂ, ನಿಮ್ಮ ಪ್ರಕಾರ ಶಕ್ತಿ ಇರೋದು ಅಣ್ಣನ ಕಾಲಲ್ಲಿ. ನನ್ನ ಕಾಲಲ್ಲಿ ಏನೂ ಇಲ್ಲ."

"ಗೊತ್ತು. ಒದಿ."

"ಅಂದ್ರೆ ಕಡ್ಡಿ ತಲೆ..."

"ಲೇ, ಒದೀತೀಯೋ ಇಲ್ವೋ? ನನ್ನ ಸೊಂಟ ನಿನ್ನ ಕಾಲಿಗೆ ಒಗ್ಗಿದೆ!"

ಇನ್ನೆರಡು ಒದೆ ಬಿದ್ದವು. ಅನಸೂಯ ಎದ್ದು ಕೂತರು, ನಿಂತರು, ಅಡುಗೆಮನೆಯವರೆಗೆ ಹೋಗಿ ಬಂದರು. ಕಾಫಿ ಕುಡಿಯುತ್ತಾ ಮತ್ತೆ ಗೈಡ್ ಆದರು.

"ನಾನೇನೂ ಒಪ್ಪಲಿಲ್ಲ. ನೆಲ ಗಟ್ಟಿಯಾಗಿತ್ತು, ಅದರ ಮೇಲೆ ಮಲಗಿದ್ದಕ್ಕೇ ಬಿಟ್ಟಿರಬಹುದು. ನಿಮ್ಮಣ್ಣನ ಪಾದ ನೋಡಿದ ಭಯಕ್ಕೂ ಬಿಟ್ಟಿರಬಹುದು."

"ಎಲ್ಲಾ ಸೇರಿಯೂ ಇರಬಹುದಲ್ವಾ ಮೇಡಂ? ನೆಲ, ಭಯ, ಕಾಲು, ಸೊಂಟ. ಯಾವುದಾದ್ರೂ ಒಂದನ್ನ ತೆಗೆದುಬಿಟ್ರೆ ಆಗ್ತಿತ್ತಾ?"

ಅವರು ಲೋಟ ಕೆಳಗಿಟ್ಟರು. "ಹಾಗೇ ಬರಿ. ಬೈಯೋದನ್ನ ಆಮೇಲೆ ಬೈತೀನಿ," ಎಂದರು.

ಆದರೂ ಮಮತಳ ಮನಸ್ಸಿಗೆ ಸಮಾಧಾನವಾಗಲಿಲ್ಲ. ಗೈಡಿಗೆ ತಿಳಿದ ನಿಜ ಜಗಲಿಯವರಿಗೂ ತಿಳಿಯಬೇಕಲ್ಲ. ಮುಂದಿನ ಭಾನುವಾರ ಎಲ್ಲರ ಮುಂದೆ ಕೈಮುಗಿದು ನಿಂತಳು.

"ನೋಡಿ, ನಾನು ಕಾಲು ಮುಂದಾಗಿ ಹುಟ್ಟಿದವಳಲ್ಲ. ಎಲ್ಲರ ಹಾಗೇ ತಲೆ ಮುಂದಾಗಿ ಹುಟ್ಟಿದವಳು. ಇಷ್ಟು ದಿನ ತಪ್ಪಾಯ್ತು, ಕ್ಷಮಿಸಿ."

ಜಗಲಿಯಲ್ಲಿ ಗುಸುಗುಸು ಎದ್ದಿತು. ರಾಮಾಂಜಿನಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದ. ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

"ತಲೆ ಮುಂದಾಗಿ ಹುಟ್ಟಿದೀಯ ಅಂದ್ರೆ ಮಮತಕ್ಕ," ಎಂದ ಅವನು ಮುಂದಕ್ಕೆ ಜರುಗಿ, "ನಮ್ಮ ಮನೆಯವಳಿಗೆ ಅರ್ಧ ತಲೆನೋವು ಐತೆ. ಕರ್ಕೊಂಡ್ ಬರ್ಲಾ?"