ಚಿವುಟಿದ ಕುಸುಬಿ

ಚಳಿಗಾಲಕ್ಕೆ ವಾಡೆಯ ಅಂಗಳದಲ್ಲಿ ಹೂದೋಟ ಮಾಡಿಕೊಡು ಎಂದಾಗ ನನಗೆ ನಗು ಬಂತು. ಜೀವನಪೂರ್ತಿ ಹೊಲ ಉತ್ತು ಸೊಂಟ ಬಿದ್ದುಹೋದವನ ಕೈಗೆ ಹೂದೋಟ! ಆದರೆ ಕೇಳಿದವರು ವಲಾಂಡಿಯ ದೇಶಮುಖರ ತಾಯಿ ಸರುಬಾಯಿ. ನಿಜಾಮ ಸರ್ಕಾರದ ಕುದುರೆಪಡೆ ದೂರದ ಲಡಾಯಿಗೆ ಹೋದ ವರ್ಷ ಅದು. ಸರುಬಾಯಿಯವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಸಂಕ್ರಾಂತಿ ದಾಟಿದರೆ ನೋಟ ಉಳಿಯುವುದಿಲ್ಲ ಎಂದು ಉದಗೀರದ ಹಕೀಮರು ಹೇಳಿಬಿಟ್ಟಿದ್ದರು.

"ಥಂಡ್ಯಾಗ ಅಂಗಳ ಬರೇ ಬೂದಿ ಬಣ್ಣ ಇರ್ತದ, ಮನ್ಮಥಪ್ಪ. ಕಣ್ಣ ಹೋಗೂದ್ರಾಗ ಒಂದೀಟ ಬಣ್ಣ ನೋಡ್ತೀನಿ," ಎಂದರು.

ಮಲ್ಲಿಗೆ ಚಳಿಗೆ ಮುದುಡಿ ಕೂರುತ್ತದೆ. ಆಗ ಅರಳುವುದು ನಮ್ಮ ಹೊಲದ ಬೆಳೆಗಳೇ. ಅವರ ಹೊರಸಿನ ಎದುರಿಗೆ ಅಗಸೆಯ ನೀಲಿ, ಅದರ ಹಿಂದೆ ಸಾಸಿವೆಯ ಹಳದಿ, ಮುಳ್ಳಿನ ಗಿಡವೆಂದು ಗೋಡೆಯ ಬದಿಗೆ ಕುಸುಬಿಯ ಕೆಂಪು. ಹೀಗೆ ಯೋಚಿಸಿ ಸೀಗಿ ಹುಣ್ಣಿಮೆಗೆ ಬಿತ್ತಿದೆ. ಹೊಲದ ಕೆಲಸ ಮುಗಿಸಿ ಬಂದು ದಿನಾ ನೀರು ಹೊತ್ತೆ. ಸಾಕುಸಾಕಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನೋಡಿದರೆ ಕುಸುಬಿ ಗೇಣುದ್ದ ಬಂದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಹೂ ಬಿಡುತ್ತದೆ. ಮೂವತ್ತು ವರ್ಷ ಹೊಲದಲ್ಲಿ ಅದನ್ನೇ ಮಾಡಿದವನು. ಒಂದು ಗಿಡವನ್ನೂ ಬಿಡದೆ ಚಿವುಟಿ, ಕುಡಿಗಳನ್ನು ಧೋತರದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದೆ. ಹೆಂಡತಿ ಪ್ರಯಾಗಬಾಯಿ ಪಲ್ಯ ಮಾಡಿದಳು. ಎರಡು ಸಲ ಹಾಕಿಸಿಕೊಂಡು ತಿಂದೆ.

"ಇದು ಯಾ ಹೊಲದ್ದರೀ?"

"ವಾಡೇದ್ದು."

"ಅಯ್ಯ, ಕುಡಿ ಚಿವುಟಿದ್ರ ಹೂ ತಡಾ ಆಗ್ತದಲ್ರೀ! ಆ ಮುದುಕಿಗಿ ದಿನಾ ಎಲ್ಲ್ಯಾವ?"

ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟು ಎದ್ದೆ.

ಅಗಸೆ ಅರಳಿತು. ಸರುಬಾಯಿ ಕಣ್ಣು ಕಿರಿದು ಮಾಡಿ, "ಹೊಗಿ ಎದ್ದಂಗ ಕಾಣ್ತದ," ಎಂದರು. ಸಾಸಿವೆಯ ಹಳದಿ ಅವರಿಗೆ ಬಿಸಿಲಿನಿಂದ ಬೇರೆ ಕಾಣಲೇ ಇಲ್ಲ. ಇನ್ನೂ ಗುರುತು ಸಿಗುತ್ತಿದ್ದುದು ಕೆಂಪೊಂದೇ. "ಕುಸುಬಿ ಯಾವಾಗಪ್ಪ?" ಎಂದು ದಿನವೂ ಕೇಳುವರು. ನಿಜ ಹೇಳಲು ನನಗೆ ನಾಚಿಕೆ. "ಇನ್ನೇನ್ ಬಂತರೀ, ಆಯಿ," ಎನ್ನುತ್ತಿದ್ದೆ.

ಸಂಕ್ರಾಂತಿಗೆ ಮೊಗ್ಗು ಹಸಿರಾಗಿ ಬಿಗಿದುಕೊಂಡೇ ಇದ್ದವು. ಮೂರು ದಿನದ ಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲಿ ಕುಳಿತು ಸರುಬಾಯಿ ಕೇಳಿದರು: "ಇನ್ನಾ ಬೆಳಕ ಹರದಿಲ್ಲೇನು?"

ನಾನು ನೀರಿನ ಕೊಡ ಇಳಿಸಿ ಅಲ್ಲೇ ಕುಕ್ಕರಿಸಿದೆ. ಏಳಲು ಮನಸ್ಸಾಗಲಿಲ್ಲ.

ಮತ್ತೊಂದು ವಾರಕ್ಕೆ ಗೋಡೆಯುದ್ದಕ್ಕೂ ಕುಸುಬಿ ಅರಳಿತು. ಕೈ ಹಿಡಿದು ಕರೆದೊಯ್ದೆ. ಮುಳ್ಳು ಚುಚ್ಚಿದರೂ ಬಿಡದೆ ಅವರು ಒಂದೊಂದೇ ಹೂ ಮುಟ್ಟುತ್ತ ಹೋದರು.

"ಎಷ್ಟಂದ್ರ ಎಷ್ಟ ಬಿಟ್ಟಾವಲ್ಲ!"

"ಭಾಳ ಬಿಡ್ಲಿ ಅಂತ ಕುಡಿ ಚಿವುಟಿದ್ದೆ, ಆಯಿ. ಅದಕ್ಕ ತಡಾ ಆತು. ತಪ್ಪ ನಂದೇ."

ಹೂವಿನ ಮೇಲಿದ್ದ ಅವರ ಕೈ ನಿಂತಿತು.

"ನನಗ ಒಂದ ಹೂವು ಸಾಕಿತ್ತಲ್ಲೋ, ಮನ್ಮಥಪ್ಪ," ಎಂದರು.