ಕಾಯಿಸದ ಅಲಗು

"ಉಗಿದು ಉಗಿದು ಉಕ್ಕನ್ನ ಎಂಜಲು ಮಾಡ್ತಾ ಕೂತಿದ್ದೀಯೇನೆ, ದರಿದ್ರ ಮುಂಡೆ? ಎತ್ತಿ ಪ್ರೆಸ್ಸಿಗೆ ಇಡು."

ಬೈದವನು ಯಜಮಾನ. ಬೈಸಿಕೊಂಡವಳು ಕಡ್ಡಿ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲವಾದ್ದರಿಂದ ಶೆಡ್ಡಿನವರೆಲ್ಲ ಅವಳನ್ನು ಕರೆಯುವುದು ಹಾಗೆ.

ಅವಳ ಕೆಲಸ ಸೊಟ್ಟ ತೆಗೆಯುವುದು. ಕಾಗದ ಕತ್ತರಿಸುವ ಯಂತ್ರದ ಅಲಗುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ ಗಡಸು ಮಾಡುತ್ತಾರೆ. ಗಡಸಾಗುವಾಗ ಉಕ್ಕು ಒಂದಿಷ್ಟು ಸೊಟ್ಟಗಾಗಿಯೇ ಆಗುತ್ತದೆ. ಅಳತೆಯ ಮುಳ್ಳಿಗೆ ಮಾತ್ರ ಕಾಣುವಂಥ, ಕೂದಲೆಳೆಯಷ್ಟು ಸೊಟ್ಟ. ಆ ಅಲಗನ್ನು ಒಲೆಯಲ್ಲಿ ಮತ್ತೆ ಹದವಾಗಿ ಬಿಸಿ ಮಾಡಿ, ಕೈಪ್ರೆಸ್ಸಿನ ಕೆಳಗಿಟ್ಟು, ನೇರಕ್ಕಿಂತ ತುಸು ಆಚೆಗೇ ಬಾಗಿಸಿ, ಹತ್ತು ಎಣಿಸಿ ಬಿಡಬೇಕು. ಹದ ನೋಡುವುದು ಉಗುಳಿನಿಂದ. ಬೆರಳ ತುದಿಯಿಂದ ಒಂದು ಹನಿ ತಾಗಿಸಿದರೆ ಅದು ಉಕ್ಕಿನ ಮೇಲೆ ಕುಣಿದು ಓಡಬೇಕು. ಸುಮ್ಮನೆ ಕೂತಲ್ಲೇ ಆರಿದರೆ ಇನ್ನೂ ತಣ್ಣಗಿದೆ ಎಂದೇ ಲೆಕ್ಕ. ತಣ್ಣಗಿದ್ದಾಗ ಒತ್ತಿದಿರೋ, ಬಾಗುವುದಿಲ್ಲ. ಸಿಡಿಯುತ್ತದೆ. ಎತ್ತ ಸಿಡಿಯುತ್ತದೆಂದು ಯಾರಪ್ಪನಿಗೂ ಗೊತ್ತಾಗದು.

ಇವತ್ತಿನ ಅಲಗು ಎರಡು ಮೊಳ ಉದ್ದದ್ದು. ಒಲೆಯಲ್ಲಿ ಇನ್ನೂ ಒಂದು ಗಂಟೆ ಇರಬೇಕಿತ್ತು. ಗಿರಾಕಿಯ ಲಾರಿ ಬಾಗಿಲಲ್ಲಿ ನಿಂತಿತೆಂದು ಯಜಮಾನನೇ ಇಕ್ಕಳದಲ್ಲಿ ಎಳೆದು ಹೊರಗೆ ಹಾಕಿದ್ದ.

"ಇನ್ನೊಂದು ಗಂಟೆ ಕೊಡಿ ಯಜಮಾನ್ರೇ. ಹನಿ ಓಡ್ತಿಲ್ಲ."

"ನಿನ್ನ ಎಂಜಲು ಓಡೋ ತನಕ ಲಾರಿಯವನು ಕಾಯ್ತಾನಾ?"

"ಒಡೆಯುತ್ತೆ."

"ಒಡೆಯೋದಿಲ್ಲ. ನಮ್ಮಲ್ಲಿ ತಣ್ಣಗಿರೋದನ್ನ ಯಾರೂ ಒತ್ತೋದೇ ಇಲ್ಲ. ನೀನೇ ಸೈನ್ ಹಾಕಿ ಕೊಟ್ಟಿದ್ದೀಯಲ್ಲ, ಮರೆತುಹೋಯ್ತಾ?"

ಕಡ್ಡಿಗೆ ಮರೆಯುವುದೆಲ್ಲಿ ಬಂತು.

ಎರಡು ತಿಂಗಳ ಹಿಂದೆ ಇದೇ ಪ್ರೆಸ್ಸಿನ ಮುಂದೆ ನಿಂತಿದ್ದವನು ಅವಳ ಸೋದರಮಾವ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿದವನು, ಈ ಕೆಲಸ ಕಲಿಸಿದವನು. ಅವತ್ತೂ ಹೀಗೇ ಅವಸರ, ಹೀಗೇ ಬೈಗುಳ. ಪಕ್ಕದಲ್ಲಿ ಅಳತೆಯ ಮುಳ್ಳು ನೋಡುತ್ತಿದ್ದವಳು ಇವಳೇ. ಟಪ್ಪೆಂದು ಸದ್ದಾಯಿತು, ಅಷ್ಟೇ. ಮಾವ ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಕುಕ್ಕರಿಸಿದ. ಮೂರನೆಯ ದಿನ ಯಜಮಾನ ಇವಳನ್ನು ತನ್ನ ಗಾಜಿನ ಕೋಣೆಗೆ ಕರೆದು ಕಾಗದ ಮುಂದಿಟ್ಟ. ಉಕ್ಕು ಸರಿಯಾಗಿ ಕಾದಿತ್ತು, ಕೆಲಸಗಾರ ಸೊಟ್ಟಪಟ್ಟ ಇಟ್ಟು ಪೆಟ್ಟು ಮಾಡಿಕೊಂಡ, ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿ ಬರೆದಿತ್ತು. "ಸೈನ್ ಹಾಕು. ಇಲ್ದಿದ್ರೆ ನೀನೂ ಅವನೂ ಒಟ್ಟಿಗೇ ಮನೇಲಿ ಕೂತ್ಕೊಳ್ಳಿ." ಹಾಕಿದಳು. ಹೆದರಿ ಹಾಕಿದಳು, ಬೇರೆ ಕಾರಣ ಏನೂ ಇರಲಿಲ್ಲ.

ಮಾವನಿಗೆ ಗೊತ್ತಾಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಊಟಕ್ಕೆ ಕೂರುವಾಗ ಕಡ್ಡಿ ಅವನ ಬಲಕ್ಕೇ ಕೂರುತ್ತಾಳೆ. ಕಣ್ಣು ಹೋದ ಆ ಕಡೆ ಕೂತರೆ ಅವನಿಗೆ ಇವಳ ಮುಖ ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಮಾತ್ರ ಅವನು ಹೇಳಿದ್ದ, "ಮೂರು ಕಣ್ಣಲ್ಲಿ ನಡೀತಿದೆ ಕಣೇ ನಮ್ಮ ಸಂಸಾರ. ಎರಡಕ್ಕೆ ಇಳಿಸ್ಬೇಡ." ಹೇಳಿ ತಾನೇ ನಕ್ಕಿದ್ದ. ಇವಳಿಗೆ ನಗು ಬಂದಿರಲಿಲ್ಲ.

"ಇಡ್ತೀಯೋ, ಬೇರೆಯವರನ್ನ ಕರೀಲೋ?"

ಇಟ್ಟಳು. ಇಟ್ಟು ಪ್ರೆಸ್ಸಿನ ಹಿಡಿಗೆ ಕೈ ಹಾಕಿದ್ದೇ ತಡ, ಸಾಣೆ ಹಿಡಿಯುವ ಹೆಂಗಸು ಕಂಬದ ಮರೆಗೆ ಸರಿದಳು. ಮೇಸ್ತ್ರಿಗೆ ಹೊರಗೆ ಯಾವುದೋ ಕೆಲಸ ನೆನಪಾಯಿತು. ಯಜಮಾನ ಗಾಜಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಒಡೆಯುವುದಿಲ್ಲ ಅಂದವನು ಅವನೇ. ಒಳಗಿನಿಂದ ಉಂಗುರದ ಬೆರಳಲ್ಲಿ ಗಾಜು ಕುಟ್ಟಿ, ಒತ್ತು, ಒತ್ತು ಎಂದು ಸನ್ನೆ ಮಾಡಿದ.

ಇನ್ನೊಂದು ಸಲ ಹನಿ ತಾಗಿಸಿ ನೋಡೋಣವೆಂದರೆ ಕಡ್ಡಿಯ ಬಾಯಲ್ಲಿ ಪಸೆಯೇ ಇರಲಿಲ್ಲ. ಅಂಗೈ ಬೆವರಿ ಹಿಡಿ ಜಾರುತ್ತಿತ್ತು. ಒಂದಿಷ್ಟು ಒತ್ತಿದಳು. ಮುಳ್ಳು ಅಲುಗಿತು. ಮತ್ತೊಂದಿಷ್ಟು ಒತ್ತಿದಳು. ಅಲಗಿನ ಒಳಗೆಲ್ಲೋ ಟಿಣ್ ಎಂದಿತು.

ತಟ್ಟನೆ ಹಿಡಿ ಬಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಉಚ್ಚೆ ಹೋಗುವುದೊಂದು ಬಾಕಿ. ಅಲಗು ಒಡೆದಿರಲಿಲ್ಲ.

ಗಾಜು ಮತ್ತೆ ಟಕಟಕ ಎಂದಿತು.

ಆಗ ಅವಳು ಅಲಗನ್ನು ಪ್ರೆಸ್ಸಿನಿಂದ ಎತ್ತಿಕೊಂಡಳು. ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಿತ್ತು. ಇನ್ನೊಂದು ಕೈಯಲ್ಲಿ ಪಕ್ಕದಲ್ಲಿ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ಹೋಗಿ, ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನಿಂತಳು. ಮೇಜಿನ ಮೇಲಿದ್ದ ಎರಡು ಫೈಲಿನ ಕಟ್ಟುಗಳನ್ನು ದೂರ ದೂರ ಸರಿಸಿ, ಅವುಗಳ ಮೇಲೆ ಅಲಗನ್ನು ಅಡ್ಡ ಇಟ್ಟಳು.

"ಏನೇ ಇದು?"

"ಅಲ್ಲಿ ಒಬ್ಬಳಿಗೇ ಕೈ ನಡುಗುತ್ತೆ ಯಜಮಾನ್ರೇ. ಇಲ್ಲಾದ್ರೆ ನೀವಿರ್ತೀರಿ."

ಸುತ್ತಿಗೆ ಮೇಲೆತ್ತಿದಳು.

"ಏ ಹುಚ್ಚುಮುಂಡೆ, ಬೇಡ. ಬೇಡ ಅಂದೆ." ಕುರ್ಚಿ ಹಿಂದಕ್ಕೆ ಬಿತ್ತು. ಯಜಮಾನ ಬೀರುವಿನ ಮೂಲೆಗೆ ಅಂಟಿಕೊಂಡು ಕೈಗೆ ಸಿಕ್ಕ ಫೈಲನ್ನು ಮುಖಕ್ಕೆ ಹಿಡಿದುಕೊಂಡ.

"ಯಾಕೆ? ಒಡೆಯೋದಿಲ್ಲ ಅಂದ್ರಲ್ಲ."

ಹೊರಗೆ ತಿರುಗುತ್ತಲೇ ಇದ್ದ ಸಾಣೆಚಕ್ರ ನಿಂತಿತು. ಲೇತು ಯಂತ್ರವೂ ನಿಂತಿತು. ಕಂಬದ ಮರೆಯಿಂದ ಸಾಣೆಯವಳು ಬಂದಳು, ಮೇಸ್ತ್ರಿಯೂ ಬಂದ. ಒಬ್ಬೊಬ್ಬರಾಗಿ ಎಲ್ಲರೂ ಗಾಜಿನ ಆಚೆ ಬಂದು ನಿಂತರು. ಯಾರೂ ಒಳಗೆ ಬರಲಿಲ್ಲ, ಯಾರೂ ಹಿಂದಕ್ಕೂ ಹೋಗಲಿಲ್ಲ.

"ಸುತ್ತಿಗೆ ಇಳಿಸಮ್ಮ," ಎಂದ ಯಜಮಾನ ಫೈಲಿನ ಹಿಂದಿನಿಂದ. ಎಂಟು ವರ್ಷದಲ್ಲಿ ಅವನ ಬಾಯಿಂದ ಅಮ್ಮ ಎನ್ನಿಸಿಕೊಂಡದ್ದು ಇದೇ ಮೊದಲು. "ಕೂತು ಮಾತಾಡೋಣ."

"ಮಾವ ಒತ್ತಿದ ಅಲಗು ಕಾದಿತ್ತಾ, ತಣ್ಣಗಿತ್ತಾ?"

ಅವನು ಫೈಲನ್ನು ಇನ್ನಷ್ಟು ಮೇಲಕ್ಕೆ ಹಿಡಿದ. ಕಡ್ಡಿಗೆ ಭಯವೇನೂ ಹೋಗಿರಲಿಲ್ಲ. ಒಡೆದರೆ ತನ್ನ ಕಣ್ಣೂ ಹೋದೀತೆಂದು ಗೊತ್ತಿತ್ತು, ನಾಳೆಯಿಂದ ಕೆಲಸವಂತೂ ಇಲ್ಲವೆಂದೂ ಗೊತ್ತಿತ್ತು. ಎತ್ತಿದ ತೋಳು ಇಷ್ಟಿಷ್ಟೇ ಕೆಳಗೆ ಬರುತ್ತಿತ್ತು.

"ಹೊರಗಿರೋರಿಗೂ ಕೇಳೋ ಹಾಗೆ ಹೇಳಿ," ಎಂದಳು. "ಬೇಗ ಹೇಳಿ ಯಜಮಾನ್ರೇ, ಕೈ ಸೋಲ್ತಾ ಇದೆ."